ಹೂಂಗುಟ್ಟಲು ಒಬ್ಬರು ಬೇಕು

ಕೇಳುಗರಿಗೆ ನಮಸ್ಕಾರ.

ಇವತ್ತು ಒಂದು ದಪ್ಪ ಪುಸ್ತಕದ ವಿಷಯ ಮಾತಾಡುತ್ತೇನೆ. 600 ಪುಟಕ್ಕಿಂತ ಜಾಸ್ತಿ ಇದೆ. ನನಗೆ ಗೊತ್ತಿರುವ ನಾಲ್ಕಾರು ಮನೆಗಳ ಕಪಾಟಿನಲ್ಲಿ ಅದು ಕೂತಿದೆ. ಸುಮಾರು ಅರ್ಧದ ಹತ್ತಿರ ಒಂದು ಬಸ್ ಟಿಕೆಟ್ಟೋ, ಮದುವೆ ಕಾರ್ಡಿನ ತುಂಡೋ ಗುರುತಿಗೆ ಇಟ್ಟಿರುತ್ತಾರೆ. ಆ ಗುರುತು ವರ್ಷವಾದರೂ ಅಲ್ಲೇ ಇರುತ್ತದೆ. ಮುಂದೆ ಹೋಗಲ್ಲ.

ಪುಸ್ತಕದ ಹೆಸರು ‘ಬ್ಲ್ಯಾಕ್ ಲೆಪರ್ಡ್, ರೆಡ್ ವುಲ್ಫ್’. ಅಂದರೆ ಕರಿಚಿರತೆ, ಕೆಂಪು ತೋಳ. ಬರೆದವರು ಜಮೈಕಾದ ಮಾರ್ಲನ್ ಜೇಮ್ಸ್. ಇದಕ್ಕೆ ಮೊದಲು ಬರೆದ ಕಾದಂಬರಿಗೆ 2015ರಲ್ಲಿ ಬುಕರ್ ಬಹುಮಾನ ಬಂತು. ಆಮೇಲೆ ಆ ಮನುಷ್ಯ ಆಫ್ರಿಕಾದ ಜನಪದ ಕತೆಗಳ ಕಾಡಿಗೆ ಇಳಿದರು. 2019ರಲ್ಲಿ ಈ ಪುಸ್ತಕ ಬಂತು. ಮೂರು ಪುಸ್ತಕಗಳ ಸಾಲಿನಲ್ಲಿ ಇದು ಮೊದಲನೆಯದು.

ನಾನು ಜಾನಪದದ ಮೇಷ್ಟ್ರು. ನಿವೃತ್ತಿಯಾಗಿ ಬಹಳ ವರ್ಷ ಆಯಿತು, ಆದರೂ ಮೇಷ್ಟ್ರೇ. ಹಾಗಾಗಿ ಹೇಳಬೇಕಾದ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ನಡುವೆ ನಾಲ್ಕು ಸಲ ಇನ್ನೂ ಹೇಳುತ್ತೇನೆ. ಇಂಥ ಪುಸ್ತಕವನ್ನು ಒಬ್ಬರೇ ಮೂಲೆಯಲ್ಲಿ ಕೂತು ಕಣ್ಣಲ್ಲಿ ಓದಬೇಡಿ. ಗಟ್ಟಿಯಾಗಿ ಓದಿ. ಪಕ್ಕದಲ್ಲಿ ಹೂಂಗುಟ್ಟೋಕೆ ಒಬ್ಬರು ಇರಲಿ.

ಹೂಂಗುಟ್ಟೋದು ಅಂದರೆ ಗೊತ್ತಲ್ವಾ? ನಮ್ಮಜ್ಜಿ ಕತೆ ಹೇಳುವಾಗ ನಾವು ಮಕ್ಕಳು ‘ಹೂಂ’ ‘ಹೂಂ’ ಅನ್ನಬೇಕಿತ್ತು. ಹೂಂ ನಿಂತರೆ ಕತೆಯೂ ನಿಲ್ಲುತ್ತಿತ್ತು. ನಿದ್ದೆ ಬಂತು ಅಂತ ಲೆಕ್ಕ. ಹೂಂ ಅನ್ನೋ ದನಿ ಸ್ವಲ್ಪ ಎಳೆದರೆ ನಂಬಿಕೆ ಇಲ್ಲ ಅಂತ ಅರ್ಥ. ಆಗ ಅಜ್ಜಿ ಎರಡು ಆಣೆ ಜಾಸ್ತಿ ಇಟ್ಟು ಕತೆ ಕಟ್ಟುವಳು. ಕತೆ ನಡೆಯುತ್ತಿದ್ದದ್ದು ಇಬ್ಬರ ಕಾಲಿನಲ್ಲಿ.

ಈಗ ಈ ಕಾದಂಬರಿಗೆ ಬನ್ನಿ. ಕತೆ ಹೇಳುವವನು ಟ್ರ್ಯಾಕರ್. ಜಾಡು ಹಿಡಿದು ಹುಡುಕುವವನು. ಒಂದು ಸಲ ಒಬ್ಬರ ವಾಸನೆ ಮೂಗಿಗೆ ಹತ್ತಿತೋ, ಅವರು ಎಷ್ಟೇ ದೂರ ಹೋದರೂ ಬಿಡಲ್ಲ. ಮೂರು ವರ್ಷದ ಹಿಂದೆ ಕಾಣೆಯಾದ ಒಬ್ಬ ಹುಡುಗನನ್ನು ಹುಡುಕಿಕೊಡು ಅಂತ ಒಬ್ಬ ಗುಲಾಮರ ವ್ಯಾಪಾರಿ ಇವನಿಗೆ ಹಣ ಕೊಡುತ್ತಾನೆ. ಜೊತೆಗೆ ಹೊರಡುವವರಲ್ಲಿ ಚಿರತೆಯಾಗಿ ಬದಲಾಗುವ ಒಬ್ಬ ಗೆಳೆಯ, ಒಬ್ಬಳು ಮಾಟಗಾತಿ, ಒಬ್ಬ ಭಾರಿ ಗಾತ್ರದ ಓಗೋ ಇದ್ದಾರೆ. ಇವನನ್ನು ದೈತ್ಯ ಅಂದರೆ ಸಿಟ್ಟು ಬರುತ್ತದೆ, ಓಗೋ ಅಂತಲೇ ಅನ್ನಬೇಕು. ಆ ಹುಡುಗ ಸತ್ತಿದ್ದಾನೆ ಅಂತ ಟ್ರ್ಯಾಕರ್ ಮೊದಲ ಸಾಲಿನಲ್ಲೇ ಹೇಳಿಬಿಡುತ್ತಾನೆ. ಗುಟ್ಟು ಅಂತ ಏನೂ ಇಟ್ಟುಕೊಂಡಿಲ್ಲ.

ಇದನ್ನೆಲ್ಲ ಅವನು ಹೇಳುವುದು ಎಲ್ಲಿಂದ? ಸೆರೆಮನೆಯಿಂದ. ಎದುರಿಗೆ ವಿಚಾರಣೆ ಮಾಡುವವನೊಬ್ಬ ಕೂತಿದ್ದಾನೆ. 600 ಪುಟವೂ ಇವನು ಹೇಳುತ್ತಿದ್ದಾನೆ, ಅವನು ಕೇಳುತ್ತಿದ್ದಾನೆ. ಅಂದರೆ ಪುಸ್ತಕದ ಒಳಗೇ ಹೂಂಗುಟ್ಟೋನು ಒಬ್ಬ ಇದ್ದಾನೆ! ಇದು ಬಾಯಲ್ಲಿ ಹೇಳಿದ ಕತೆ. ಅದನ್ನು ನಾವು ಪೇಪರ್ ಓದುವ ಹಾಗೆ ಓದಲು ಹೋಗುತ್ತೇವೆ. ಅರ್ಧಕ್ಕೆ ಸುಸ್ತಾಗದೆ ಇನ್ನೇನು?

ನಮ್ಮ ಊರಲ್ಲಿ ಒಂದು ಓದುಗರ ಕೂಟ ಇದೆ. ಎಂಟು ಜನ. ಭಾನುವಾರ ಸಂಜೆ ಯಾರದಾದರೂ ಮನೆಯಲ್ಲಿ ಸೇರುತ್ತೇವೆ. ಕಾಫಿ ಕೊಡುವ ಮನೆಯವರೇ ಪುಸ್ತಕ ಆರಿಸಬೇಕು ಅನ್ನೋದು ನಿಯಮ. ನನ್ನ ಸರದಿ ಬಂದಾಗ ಇದನ್ನು ಆರಿಸಿದೆ. ಅರ್ಧ ಓದಿಕೊಂಡು ಬನ್ನಿ, ಮಾತಾಡೋಣ ಅಂದೆ. ಆ ಸಂಜೆ ನಮ್ಮ ಮನೆ ನಡುಮನೆಯಲ್ಲಿ ನಡೆದದ್ದು ಮಾತುಕತೆ ಅಲ್ಲ, ಪಂಚಾಯ್ತಿ.

ಒಬ್ಬ ಇಂಜಿನಿಯರಿಂಗ್ ಹುಡುಗ ಇದ್ದ. ‘ಸಿಂಹಾಸನಕ್ಕೆ ಯುದ್ಧ ಆಗುತ್ತೆ, ರಾಜಮನೆತನ ಇರುತ್ತೆ ಅಂದುಕೊಂಡಿದ್ದೆ ಸರ್, ಇವರು ಬರೀ ನಡೀತಾನೇ ಇದ್ದಾರೆ’ ಅಂದ. ಅವನ ತಪ್ಪಲ್ಲ. ಸಿಂಹಾಸನಕ್ಕಾಗಿ ರಾಜಮನೆತನಗಳು ಬಡಿದಾಡುವ ‘ಗೇಮ್ ಆಫ್ ಥ್ರೋನ್ಸ್’ ಅಂತ ಒಂದು ಇಂಗ್ಲಿಷ್ ಟಿವಿ ಧಾರಾವಾಹಿ ಇದೆ. ಜೇಮ್ಸ್ ಒಮ್ಮೆ ತಮಾಷೆಗೆ ‘ಇದು ಆಫ್ರಿಕಾದ ಗೇಮ್ ಆಫ್ ಥ್ರೋನ್ಸ್’ ಅಂದುಬಿಟ್ಟರು. ತಮಾಷೆ ಅಂತ ಆಮೇಲೆ ಅವರೇ ಹೇಳಿದರೂ ಯಾರೂ ಕೇಳಲಿಲ್ಲ. ಆ ಮಾತು ಪುಸ್ತಕಕ್ಕೆ ಅಂಟಿಕೊಂಡಿತು.

ಹೈಸ್ಕೂಲ್ ಟೀಚರ್ ಒಬ್ಬರು ಪುಸ್ತಕವನ್ನು ಮೇಜಿನ ಮೇಲೆ ಇಟ್ಟು ದೂರ ತಳ್ಳಿದರು. ‘ಇಷ್ಟು ಕ್ರೌರ್ಯ ಯಾಕೆ? ಮಕ್ಕಳನ್ನೂ ಬಿಡಲ್ಲವಲ್ಲ!’ ಅಂದರು. ನಾನು ಬಾಯಿ ಬಿಡುವ ಮೊದಲೇ ಪಕ್ಕದಲ್ಲಿದ್ದ ನರ್ಸಿಂಗ್ ಓದುವ ಹುಡುಗಿ ಜಗಳಕ್ಕೆ ನಿಂತಳು. ‘ಮಕ್ಕಳಿಗೋಸ್ಕರವೇ ನಾನು ಓದ್ತಾ ಇರೋದು ಮೇಡಂ’ ಅಂದಳು. ಅವಳು ಹೇಳಿದ್ದು ಮಿಂಗಿ ಮಕ್ಕಳ ಭಾಗ. ಊರವರು ಅಪಶಕುನ ಅಂತ ಎಸೆದ ಮಕ್ಕಳು ಅವರು. ಹೊಗೆಯಂತೆ ಕರಗಿಹೋಗುವ ಒಬ್ಬಳು, ಜಿರಾಫೆಯಂತೆ ಉದ್ದ ಕಾಲಿನ ಒಬ್ಬ. ಅವರನ್ನು ಒಬ್ಬ ಹೆಂಗಸು ಕಾಡಿನಲ್ಲಿ ಸಾಕುತ್ತಿದ್ದಾಳೆ.

ಈ ಮಿಂಗಿ ಅನ್ನೋದು ಕಟ್ಟುಕತೆ ಅಲ್ಲ. ಇಥಿಯೋಪಿಯಾದ ಓಮೋ ನದಿ ಕಣಿವೆಯ ಕೆಲವು ಬುಡಕಟ್ಟುಗಳಲ್ಲಿ ನಿಜವಾಗಿ ಇದ್ದ ನಂಬಿಕೆ. ಮಗುವಿಗೆ ಮೇಲಿನ ಹಲ್ಲು ಮೊದಲು ಬಂದರೆ ಮಿಂಗಿ. ಅಂಥ ಮಗುವನ್ನು ಕೊಂದುಬಿಡುತ್ತಿದ್ದರು. ನಮ್ಮಲ್ಲೂ ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಆಗಿಬರಲ್ಲ ಅಂತಾರೆ, ಅಲ್ವಾ? ನಾವು ಒಂದು ಶಾಂತಿ ಮಾಡಿಸಿ ಬಿಡುತ್ತೇವೆ, ಅಷ್ಟೇ. ಇದನ್ನು ಹೇಳಿದಾಗ ಟೀಚರ್ ಸುಮ್ಮನಾದರು. ಪುಸ್ತಕವನ್ನು ವಾಪಸ್ ಎಳೆದುಕೊಳ್ಳಲಿಲ್ಲ ಅನ್ನಿ.

ಇವರೆಲ್ಲ ಒಂದು ಕಡೆ. ನಮ್ಮ ಬ್ಯಾಂಕಿನವರು ಇನ್ನೊಂದು ಕಡೆ. ಅವರ ಕತೆಯನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು.

ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿ ನಿವೃತ್ತರಾದವರು. ಒಂದು ಲೆಡ್ಜರ್ ಬುಕ್ಕು ತಂದಿದ್ದರು. ಅದರಲ್ಲಿ ಪಾತ್ರಗಳ ಹೆಸರು, ಯಾರಿಗೆ ಯಾರು ಏನಾಗಬೇಕು, ಯಾವ ಪುಟ ಅಂತ ಕೋಷ್ಟಕ ಹಾಕಿದ್ದರು. ಪುಸ್ತಕದ ಮೊದಲಲ್ಲೇ ಪಾತ್ರಗಳ ಪಟ್ಟಿ ಇದೆ, ಲೇಖಕರೇ ಬರೆದ ನಕ್ಷೆಗಳೂ ಇವೆ. ಅದು ಸಾಲದು ಅಂತ ಇವರದ್ದು ಬೇರೆ. ತಪ್ಪು ಸಿಕ್ಕಲ್ಲೆಲ್ಲ ಕೆಂಪು ಇಂಕು. ಟ್ರ್ಯಾಕರ್ ಮೊದಲು ಒಬ್ಬನನ್ನು ಅಪ್ಪ ಅನ್ನುತ್ತಾನೆ. ಆಮೇಲೆ ಅವನು ಅಪ್ಪ ಅಲ್ಲ, ಅಜ್ಜ ಅಂತ ಗೊತ್ತಾಗುತ್ತದೆ. ಇವರ ಕೋಷ್ಟಕದಲ್ಲಿ ‘ತಂದೆ’ ಅನ್ನುವುದಕ್ಕೆ ಗೀಟು ಹೊಡೆದು ‘ಅಜ್ಜ?’ ಅಂತ ಬರೆದು, ಪಕ್ಕದಲ್ಲಿ ‘ಪ್ರೂಫ್ ನೋಡಿಲ್ಲ’ ಅಂತ ಷರಾ! ನಾನು ನಕ್ಕುಬಿಟ್ಟೆ. ಅವರಿಗೆ ಬೇಜಾರಾಯಿತು. ‘ಲೆಕ್ಕ ತಾಳೆಯಾಗದ ಪುಸ್ತಕ ನನಗೆ ಬೇಡ’ ಅಂತ ಎದ್ದು ಹೋದರು. ಕಾಫಿಯನ್ನೂ ಪೂರ್ತಿ ಕುಡಿಯಲಿಲ್ಲ.

ಅದಾದ ಮೇಲೆ ಅವರಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಕೆಲವು ದಿನ ಓದಬಾರದು, ಟಿವಿ ಬೇಡ ಅಂದರು. ಓದದೆ ಇರಲಾರದ ಮನುಷ್ಯ. ಮನೆಯಲ್ಲಿ ಎಲ್ಲರ ತಲೆ ತಿನ್ನಲು ಶುರು ಮಾಡಿದರು. ಕೊನೆಗೆ ಸೊಸೆ, ‘ಯಾವುದಾದರೂ ಪುಸ್ತಕ ಓದಿ ಹೇಳ್ತೀನಿ ಮಾವ, ಸುಮ್ನೆ ಕೂತ್ಕೊಳ್ಳಿ’ ಅಂತ ಕೈಗೆ ಸಿಕ್ಕಿದ್ದನ್ನು ತೆಗೆದಳು. ಸಿಕ್ಕಿದ್ದು ಇದೇ. ಇಂಗ್ಲಿಷಿನಲ್ಲಿ ಎರಡು ಸಾಲು ಓದುವುದು, ಕನ್ನಡದಲ್ಲಿ ಹೇಳುವುದು. ಇವರು ಕಪ್ಪು ಕನ್ನಡಕ ಹಾಕಿಕೊಂಡು ಆರಾಮ ಕುರ್ಚಿಯಲ್ಲಿ.

ಮೂರನೇ ದಿನ ನಾನು ನೋಡಲು ಹೋದೆ. ಬಾಗಿಲಲ್ಲೇ ಕೇಳಿಸಿತು. ‘ಹೂಂ... ಹೂಂ... ಇವನು ಸುಳ್ಳು ಹೇಳ್ತಿದಾನೆ ಕಣಮ್ಮ! ನಿನ್ನೆ ಹಾಗೆ ಹೇಳಿರಲಿಲ್ಲ!’ ಅಂತ ಇವರ ದನಿ. ಕೆಂಪು ಇಂಕಿನಲ್ಲಿ ‘ಪ್ರೂಫ್ ನೋಡಿಲ್ಲ’ ಅಂದ ಮನುಷ್ಯನೇ! ಕಣ್ಣಲ್ಲಿ ಓದುವಾಗ ತಪ್ಪು ಅನ್ನಿಸಿದ್ದು ಕಿವಿಯಲ್ಲಿ ಕೇಳಿದಾಗ ಸುಳ್ಳು ಅಂತ ಗೊತ್ತಾಯಿತು. ತಪ್ಪಿಗೂ ಸುಳ್ಳಿಗೂ ಎಷ್ಟು ವ್ಯತ್ಯಾಸ ನೋಡಿ. ತಪ್ಪು ಸಿಕ್ಕರೆ ಪುಸ್ತಕ ಮುಚ್ಚುತ್ತೇವೆ. ಸುಳ್ಳು ಅಂತ ಗೊತ್ತಾದರೆ ಕುರ್ಚಿ ಹತ್ತಿರಕ್ಕೆ ಎಳೆದುಕೊಳ್ಳುತ್ತೇವೆ.

ಇನ್ನೊಂದು ತಮಾಷೆ. ತೀರಾ ಹಿಂಸೆ ಇರುವ ಕಡೆ, ಮಾವನ ಎದುರು ಓದಲು ಸಂಕೋಚ ಆಗುವ ಕಡೆ ಸೊಸೆ ಹಾರಿಸುತ್ತಿದ್ದಳು. ‘ಇಲ್ಲಿ ಏನೇನೋ ಆಗುತ್ತೆ ಮಾವ, ಮುಂದೆ ಹೋಗೋಣ’ ಅನ್ನುವಳು. ಇವರಿಗೆ ಅವಳು ಎಷ್ಟು ಹೊತ್ತು ಸುಮ್ಮನಿದ್ದಳು ಅನ್ನುವುದರಲ್ಲೇ ಗೊತ್ತಾಗುತ್ತಿತ್ತು. ‘ಎರಡು ಪುಟ ಇರಬೇಕು, ಅಲ್ವಾ?’ ಅನ್ನುವರು. ಅವಳು ಹೂಂ ಅನ್ನುವಳು. ಆಗ ಹೂಂಗುಟ್ಟುವ ಸರದಿ ಅವಳದ್ದು. ನಮ್ಮಜ್ಜಿಯೂ ಹೀಗೇ ತಾನೇ ಮಾಡುತ್ತಿದ್ದದ್ದು? ಚಿಕ್ಕವರಿದ್ದಾಗ ಒಂದು ಅಳತೆ, ದೊಡ್ಡವರಾದ ಮೇಲೆ ಇನ್ನೊಂದು ಅಳತೆ. ಮುದ್ರಣವಾದ ಪುಟಕ್ಕೆ ಆ ವಿವೇಕ ಇರುವುದಿಲ್ಲ. ಓದಿ ಹೇಳುವವರಿಗೆ ಇರುತ್ತದೆ. ಟೀಚರ್ ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ಇರುವ ಉತ್ತರ ಇಷ್ಟೇ.

ಆ ಓಗೋ ಅಂದೆನಲ್ಲ, ಅವನು ಮೊದಲು ಮರಣದಂಡನೆ ಜಾರಿ ಮಾಡುವ ಕೆಲಸದಲ್ಲಿದ್ದವನು. ಒಂದು ಕಡೆ ಅವನು ಕೂತು ತಾನು ಕೊಂದವರ ವಿಷಯ ಹೇಳುತ್ತಾನೆ. ರಾತ್ರಿಯೆಲ್ಲ ಹೇಳುತ್ತಾನೆ. ನಾನು ಅಲ್ಲಿದ್ದ ದಿನ ಸೊಸೆ ಆ ಭಾಗ ಓದಿದಳು. ನಮ್ಮ ಬ್ಯಾಂಕಿನವರು ಹೂಂ ಅನ್ನುವುದನ್ನು ಮರೆತರು. ಅವಳು ತಲೆ ಎತ್ತಿ ನೋಡಿದಳು, ನಿದ್ದೆ ಬಂತೇನೋ ಅಂತ. ನಿದ್ದೆ ಬಂದಿರಲಿಲ್ಲ. ಕನ್ನಡಕದ ಕೆಳಗೆ ಒದ್ದೆಯಾಗಿತ್ತು. ಆಪರೇಷನ್ ಆದ ಕಣ್ಣು, ನೀರು ಬರುತ್ತೆ ಅಂದರು. ಇರಬಹುದು.

ಗಾಜಿನ ಆಚೆ ಕೂತಿರುವವರು ಕೈ ತೋರಿಸುತ್ತಿದ್ದಾರೆ. ಟೈಮ್ ಆಗ್ತಾ ಬಂತಂತೆ. ಹೇಳಬೇಕಾದ್ದು ಇನ್ನೂ ಬಹಳ ಇತ್ತು. ಬೇಗ ಬೇಗ ಹೇಳುತ್ತೇನೆ.

ಭೂತ ಪಿಶಾಚಿಗಳು. ಇವನ್ನೆಲ್ಲ ಲೇಖಕರೇ ಕಟ್ಟಿದರು ಅಂದುಕೊಳ್ಳಬೇಡಿ. ಕಬ್ಬಿಣದ ಹಲ್ಲಿನ ಸಸಬೊನ್ಸಮ್ ಘಾನಾದ ಅಕನ್ ಜನರದ್ದು. ಕಾಲು ಕೊಕ್ಕೆಯ ಹಾಗಿರುತ್ತದೆ. ಮರದಿಂದ ಇಳಿಬಿಟ್ಟು ಕೆಳಗೆ ಹೋಗುವವರನ್ನು ಎತ್ತಿಕೊಳ್ಳುತ್ತದೆ. ಮಿಂಚಿನ ಹಕ್ಕಿ ದಕ್ಷಿಣ ಆಫ್ರಿಕಾದ ಜುಲು, ಖೋಸಾ ಜನರದ್ದು. ನಮ್ಮ ಹುಣಸೆಮರದ ದೆವ್ವಕ್ಕೆ ಒಂದು ಊರು ಕೇರಿ ಇದೆಯಲ್ಲ, ಅವಕ್ಕೂ ಹಾಗೇ ಇದೆ.

ಸುಳ್ಳಿನ ವಿಷಯ. ಅದೇ ಘಾನಾದ ಅಶಾಂತಿ ಜನ ಕತೆ ಶುರು ಮಾಡುವಾಗ, ನಾವು ಹೇಳೋದು ನಿಜ ಅಂತಲ್ಲ, ನಿಜ ಅಂತಲ್ಲ ಅಂತ ಹೇಳಿಯೇ ಶುರು ಮಾಡುತ್ತಿದ್ದರು. ಅವರ ಜೇಡಣ್ಣ ಅನಾನ್ಸಿ ಮಹಾ ಕಿಲಾಡಿ. ಗುಲಾಮರ ಹಡಗಿನಲ್ಲಿ ಹೋದ ಜನರ ಬಾಯಲ್ಲಿ ಅವನೂ ಜಮೈಕಾ ಸೇರಿದ. ಅಲ್ಲಿ ಅವನ ಕತೆ ಮುಗಿಸುವಾಗ ‘ಜ್ಯಾಕ್ ಮ್ಯಾಂಡೋರಾ, ಇದು ನಾನು ಆರಿಸಿದ್ದಲ್ಲ’ ಅನ್ನುತ್ತಾರೆ. ಕತೆಗೆ ನಾನು ಜವಾಬ್ದಾರನಲ್ಲ ಅಂತ ಕೈ ತೊಳೆದುಕೊಳ್ಳುವುದು. ಮಾರ್ಲನ್ ಜೇಮ್ಸ್ ಅದೇ ಜಮೈಕಾದವರು. ಅವರ ಟ್ರ್ಯಾಕರ್ ನಿಜ ಹೇಳುತ್ತಾನೆ ಅಂತ ಯಾಕಪ್ಪ ನಿರೀಕ್ಷೆ ಮಾಡುತ್ತೀರಿ?

ಕತ್ತಲು ಜಾಸ್ತಿ ಆಯಿತು ಅನ್ನುವವರಿಗೆ ಒಂದೇ ಮಾತು. ನಮ್ಮ ‘ಕೆರೆಗೆ ಹಾರ’ ನೆನಪು ಮಾಡಿಕೊಳ್ಳಿ. ಕಲ್ಲನಕೇರಿ ಮಲ್ಲನಗೌಡ ಕೆರೆ ಕಟ್ಟಿಸಿದ, ನೀರು ಬರಲಿಲ್ಲ, ಕಿರಿಸೊಸೆ ಭಾಗೀರಥಿಯನ್ನು ಬಲಿ ಕೊಡಬೇಕು ಅಂತ ಹೇಳಿಕೆ ಬಂತು. ಇದಕ್ಕಿಂತ ಕತ್ತಲು ಬೇಕೇ? ಅವಳು ತವರಿಗೆ ಹೋಗುವ ಹೊತ್ತಿಗೆ ಹಾಡು ಅರ್ಧ ಆಗಿರುತ್ತದೆ. ಅಲ್ಲಿ ಯಾರೂ ಎದ್ದು ಹೋಗಲ್ಲ. ಯಾಕೆ ಹೋಗಲ್ಲ? ಪಕ್ಕದಲ್ಲಿ ಇನ್ನೊಬ್ಬರು ಕೂತಿರುತ್ತಾರೆ. ಅಷ್ಟು ಭಾರವನ್ನು ಒಬ್ಬರೇ ಹೊರಬೇಕಾಗಿಲ್ಲ. ಅದಕ್ಕೇ ಮತ್ತೆ ಹೇಳುತ್ತೇನೆ, ಗಟ್ಟಿಯಾಗಿ ಓದಿ, ಹೂಂಗುಟ್ಟೋಕೆ ಒಬ್ಬರನ್ನು ಕೂರಿಸಿಕೊಳ್ಳಿ. ಗಂಡನಾದರೂ ಆಗಬಹುದು. ಗಂಡಂದಿರಿಗೆ ಹೇಗೂ ಅಭ್ಯಾಸ ಇರುತ್ತದೆ.

ಎರಡನೇ ಪುಸ್ತಕದ ಬಗ್ಗೆ ಒಂದೇ ನಿಮಿಷ. ಅದು 2022ರಲ್ಲಿ ಬಂತು. ಅದೇ ಕಾಣೆಯಾದ ಹುಡುಗನ ಕತೆಯನ್ನು ಅಲ್ಲಿ ಆ ಮಾಟಗಾತಿ ಸೊಗೊಲಾನ್ ತನ್ನ ಬಾಯಲ್ಲಿ ಹೇಳುತ್ತಾಳೆ. ಅವಳು ಹೇಳುವುದು ಬೇರೆಯೇ. ಯಾರನ್ನು ನಂಬಬೇಕು ಅಂತ ಲೇಖಕರು ಹೇಳುವುದಿಲ್ಲ.

ನಮ್ಮ ಬ್ಯಾಂಕಿನವರ ಕಣ್ಣು ಈಗ ಪೂರ್ತಿ ಸರಿಯಾಗಿದೆ. ಪೇಪರನ್ನು ಅವರೇ ಓದುತ್ತಾರೆ. ಆ ಎರಡನೇ ಪುಸ್ತಕ ಮಾತ್ರ ಸೊಸೆಯೇ ಓದಬೇಕು, ಸಂಜೆ 7 ಗಂಟೆಗೆ, ಕುಕ್ಕರ್ ಇಟ್ಟ ಮೇಲೆ. ಮೊನ್ನೆ ಫೋನ್ ಮಾಡಿದ್ದರು. ‘ಈ ಮುದುಕಿ ಹೇಳೋದು ನೋಡಿದರೆ ಆ ಟ್ರ್ಯಾಕರ್ ನನಗೆ ಭಾರಿ ಮೋಸ ಮಾಡಿದಾನೆ ಮೇಷ್ಟ್ರೇ’ ಅಂದರು. ಹಿಂದಿನಿಂದ ಸೊಸೆ ಕೂಗಿದ್ದು ಕೇಳಿಸಿತು. ‘ಮಾವ, ಬರ್ತೀರೋ, ನಾನೊಬ್ಬಳೇ ಓದ್ಕೊಂಡುಬಿಡ್ಲೋ?’ ಫೋನ್ ಪಟ್ ಅಂತ ಇಟ್ಟರು.

ನಮಸ್ಕಾರ.