ಎರಡನೆಯ ಪ್ರಶ್ನೆ

ಎಲ್ಲ ಕೇಳುಗರಿಗೂ ನಮಸ್ಕಾರ.

ಮಂಡ್ಯ ಜಿಲ್ಲೆಯ ಹಳ್ಳಿ ಶಾಲೆಗಳಲ್ಲಿ ರಸಪ್ರಶ್ನೆ ನಡೆಸಿಕೊಡುವುದು ನನಗೆ ಬಹಳ ವರ್ಷಗಳ ಅಭ್ಯಾಸ. ಒಮ್ಮೆ ಮಳವಳ್ಳಿ ಕಡೆಯ ಒಂದು ಶಾಲೆಯಲ್ಲಿ, ಚುನಾವಣೆ ಮುಗಿದ ಮರುವಾರ, ಸುಲಭದ ಪ್ರಶ್ನೆಯೊಂದನ್ನು ಕೇಳಿದೆ. ಮತ ಹಾಕಿದವರ ಬೆರಳಿಗೆ ಹಚ್ಚುವ ಶಾಯಿ ಎಲ್ಲಿ ತಯಾರಾಗುತ್ತದೆ? "ಮೈಸೂರು!" ಎಂದು ಹುಡುಗನೊಬ್ಬ ಕೂಗಿದ. ಚಪ್ಪಾಳೆ ಬಿತ್ತು, ಅಂಕ ಕೊಟ್ಟೆ, ಮುಂದಿನ ಚೀಟಿ ಎತ್ತಿಕೊಂಡೆ. ಅಷ್ಟರಲ್ಲಿ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಸಾರ್, ಅದು ಯಾಕೆ ಹೋಗುವುದಿಲ್ಲ? ನಮ್ಮಮ್ಮ ಬೂದಿ ಹಾಕಿ ಉಜ್ಜಿದರು, ನಿಂಬೆಹಣ್ಣು ಹಾಕಿ ಉಜ್ಜಿದರು. ಏನು ಮಾಡಿದರೂ ಹೋಗಲಿಲ್ಲ."

ನನ್ನ ಚೀಟಿಗಳಲ್ಲಿ ಇದಕ್ಕೆ ಉತ್ತರ ಇರಲಿಲ್ಲ. "ತಿಳಿದುಕೊಂಡು ಬಂದು ಹೇಳುತ್ತೇನಮ್ಮ" ಎಂದೆ. ಆ ಮಾತು ಉಳಿಸಿಕೊಳ್ಳಲು ಓದುತ್ತಾ ಹೋದಾಗ ನನಗೆ ಕಂಡದ್ದು ಇಷ್ಟು: ಮೊದಲನೆಯ ಪ್ರಶ್ನೆಗೆ ಒಂದು ಪದ ಸಾಕು, ಅಚ್ಚರಿ ಇರುವುದು ಎರಡನೆಯ ಪ್ರಶ್ನೆಯಲ್ಲಿ. ಅಂದಿನಿಂದ ನನ್ನ ಪ್ರತಿ ಚೀಟಿಯ ಹಿಂಬದಿಯಲ್ಲಿ ಇನ್ನೊಂದು ಪ್ರಶ್ನೆ ಇರುತ್ತದೆ. ಅಂಥ ಕೆಲವು ಚೀಟಿಗಳನ್ನು ಇವತ್ತು ನಿಮ್ಮ ಮುಂದೆ ತಿರುವಿಹಾಕುತ್ತೇನೆ.

ಶಾಯಿಯ ವಿಷಯವನ್ನೇ ಮೊದಲು ಮುಗಿಸೋಣ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಮೈಸೂರಿನಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆ ಆರಂಭವಾಯಿತು. ಇಂದು ಅದು ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್. 1962ರ ಮಹಾಚುನಾವಣೆಯಿಂದ ಈಚೆಗೆ ದೇಶದ ಮತದಾರರ ಬೆರಳಿಗೆ ಬೀಳುತ್ತಿರುವುದು ಅಲ್ಲಿಯ ಶಾಯಿ. ಇಪ್ಪತ್ತೈದಕ್ಕೂ ಹೆಚ್ಚು ದೇಶಗಳಿಗೂ ಅದು ಹೋಗಿದೆ. ಇದು ಮೊದಲ ಪ್ರಶ್ನೆಯ ಉತ್ತರ. ಇನ್ನು ಆ ಹುಡುಗಿಯ ಪ್ರಶ್ನೆ. ಆ ಶಾಯಿಯಲ್ಲಿ ಬೆಳ್ಳಿ ಇದೆ, ಸಿಲ್ವರ್ ನೈಟ್ರೇಟ್ ಎಂಬ ಲವಣದ ರೂಪದಲ್ಲಿ. ನಮ್ಮ ಚರ್ಮದ ಮೇಲೆ ಬೆವರಿನ ಉಪ್ಪು ಸದಾ ಇದ್ದೇ ಇರುತ್ತದೆ. ಬೆಳ್ಳಿಯ ಲವಣ ಆ ಉಪ್ಪಿನೊಂದಿಗೆ ಕೂಡಿ, ಬೆಳಕು ತಾಗಿದೊಡನೆ ಕಪ್ಪಾಗುತ್ತದೆ. ಹಳೆಯ ಫೋಟೋ ಸ್ಟುಡಿಯೋಗಳಲ್ಲಿ ಚಿತ್ರ ಮೂಡುತ್ತಿದ್ದುದೂ ಬೆಳ್ಳಿಯ ಲವಣಗಳ ಇದೇ ಗುಣದಿಂದ. ಅಂದರೆ ಮತ ಹಾಕಿ ಹೊರಗೆ ಬಂದು ಬಿಸಿಲಿಗೆ ಬೆರಳು ಹಿಡಿದಾಗ ನಮ್ಮ ಚರ್ಮವೇ ಫೋಟೋ ಹಾಳೆಯಾಗುತ್ತದೆ! ಆ ಕಪ್ಪು ಚರ್ಮದ ಮೇಲೆ ಕುಳಿತಿರುವುದಿಲ್ಲ, ಅದರ ಮೇಲ್ಪದರದ ಒಳಗೇ ಸೇರಿರುತ್ತದೆ. ಆ ಪದರ ತಾನಾಗಿ ಉದುರಬೇಕು, ಉಗುರು ಬೆಳೆದು ಅದನ್ನು ಕತ್ತರಿಸಬೇಕು. ಅಲ್ಲಿಯವರೆಗೆ ಬೂದಿಗೂ ನಿಂಬೆಗೂ ಅದು ಜಗ್ಗುವುದಿಲ್ಲ. ಮುಂದಿನ ಸಲ ಆ ಶಾಲೆಗೆ ಹೋದಾಗ ಹುಡುಗಿಗೆ ಇಷ್ಟನ್ನೂ ಹೇಳಿದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದರೆ ನಮ್ಮಮ್ಮನ ಬೆರಳಲ್ಲಿ ಬೆಳ್ಳಿ ಇದೆ" ಎಂದಳು.

ಬೆರಳಿನ ಗುರುತಿನಿಂದ ತೋಳಿನ ಗುರುತಿಗೆ ಬರುತ್ತೇನೆ. ಥಾಮಸ್ ಹಿಕಿ ಎಂಬ ಚಿತ್ರಕಾರ 1805ರ ಸುಮಾರಿನಲ್ಲಿ ಬರೆದ ಒಂದು ತೈಲಚಿತ್ರವಿದೆ. ಒಡವೆ ತೊಟ್ಟ ಮೂವರು ಸ್ತ್ರೀಯರು ಅದರಲ್ಲಿದ್ದಾರೆ. ಅವರು ನರ್ತಕಿಯರಿರಬೇಕೆಂದು ಬಹುಕಾಲ ಜನ ಎಣಿಸಿದ್ದರು. ಅವರು ಮೈಸೂರು ಅರಮನೆಯ ರಾಣಿಯರು ಎಂದು ಗುರುತಿಸಿದವರು ಇತಿಹಾಸಕಾರ ನೈಜೆಲ್ ಚಾನ್ಸೆಲರ್. ಎರಡನೆಯ ಪ್ರಶ್ನೆ ಏನೆಂದರೆ, ಅಂತಃಪುರದ ರಾಣಿಯರು ಪರದೇಶದ ಚಿತ್ರಕಾರನ ಎದುರು ಏಕೆ ನಿಂತರು? ಬಲಗಡೆಯ ಕಿರಿಯ ರಾಣಿ ಸೆರಗನ್ನು ಸರಿಸಿ ತೋಳು ತೋರಿಸುತ್ತಿದ್ದಾಳೆ. ಸಿಡುಬಿಗೆ ಹೊಸದಾಗಿ ಬಂದಿದ್ದ ಲಸಿಕೆಯನ್ನು ಹಾಕಿಸಿಕೊಂಡ ಜಾಗ ಅದು. ಎಡಗಡೆಯ ರಾಣಿಯ ಬಾಯಿಯ ಸುತ್ತ ಬಣ್ಣಗೆಟ್ಟ ಕಲೆ ಇದೆ. ಸಿಡುಬಿನ ಹಕ್ಕಳೆಯ ಪುಡಿಯನ್ನು ಮೂಗಿಗೆ ಏರಿಸುತ್ತಿದ್ದ ಹಿಂದಿನ ಪದ್ಧತಿ ಉಳಿಸಿದ ಕಲೆ ಎಂದು ಚಾನ್ಸೆಲರ್ ಅದನ್ನು ಓದಿದರು. ಭಾರತದಲ್ಲಿ ಮೊದಲ ಲಸಿಕೆ ಬಿದ್ದದ್ದು 1802ರಲ್ಲಿ, ಮುಂಬಯಿಯಲ್ಲಿ. ಮೂರೇ ವರ್ಷದಲ್ಲಿ ಮೈಸೂರಿನ ರಾಣಿಯೊಬ್ಬಳು ತೋಳು ತೋರಿಸಿ, ಹೆದರಬೇಡಿ ಎಂದು ಪ್ರಜೆಗಳಿಗೆ ಹೇಳುತ್ತಿದ್ದಾಳೆ. ನನ್ನ ಎಡತೋಳಿನಲ್ಲೂ ಆ ಲಸಿಕೆಯ ದುಂಡು ಗುರುತು ಇದೆ. ಐವತ್ತು ದಾಟಿದ ಕೇಳುಗರು ಹಲವರ ತೋಳಿನಲ್ಲೂ ಇರುತ್ತದೆ. ಒಮ್ಮೆ ಮುಟ್ಟಿ ನೋಡಿಕೊಳ್ಳಿ.

ಈಗ ನಾನು ಮಾತನಾಡುತ್ತಿರುವ ಈ ಮಾಧ್ಯಮದ ಹೆಸರನ್ನೇ ತೆಗೆದುಕೊಳ್ಳಿ. 'ಆಕಾಶವಾಣಿ' ಎಂಬ ಹೆಸರು ದೇಶಕ್ಕೆಲ್ಲ ಮೈಸೂರಿನ ಕೊಡುಗೆ ಎಂಬುದು ಮಕ್ಕಳಿಗೂ ಗೊತ್ತು. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಹೇಳುತ್ತಿದ್ದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದರು. ಆ ಹೆಸರು ಸೂಚಿಸಿದವರು ನಾ. ಕಸ್ತೂರಿ ಎಂದು ಪ್ರಸಿದ್ಧಿ. ಚೀಟಿಯ ಹಿಂಬದಿಯ ಪ್ರಶ್ನೆ: ಆ ಕೇಂದ್ರದ ಶಕ್ತಿ ಎಷ್ಟು? 30 ವ್ಯಾಟ್. ನಮ್ಮ ಅಡುಗೆಮನೆಯಲ್ಲಿ ಹಿಂದೆ ಉರಿಯುತ್ತಿದ್ದ 40ರ ಬಲ್ಬು ಇದಕ್ಕಿಂತ ಹೆಚ್ಚು ವಿದ್ಯುತ್ ಕೇಳುತ್ತಿತ್ತು. ಅಷ್ಟು ಸಣ್ಣ ಯಂತ್ರಕ್ಕೆ ಇಟ್ಟ ಹೆಸರು ಸುಮಾರು ಇಪ್ಪತ್ತು ವರ್ಷಗಳ ನಂತರ ಇಡೀ ದೇಶದ ಬಾನುಲಿಯ ಹೆಸರಾಯಿತು.

ದನಿಯ ವಿಚಾರ ಬಂದಿತು. ಇಲ್ಲಿ ನಾನು ಸ್ವಲ್ಪ ನಿಧಾನಿಸಬೇಕು, ಏಕೆಂದರೆ ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರವಾದ ಚೀಟಿ ಇದು. ಭಾರತದಲ್ಲಿ ಗ್ರಾಮಫೋನಿಗೆ ಹಾಡಿದ ಮೊದಲ ದೊಡ್ಡ ಗಾಯಕಿ ಯಾರು? ಗೌಹರ್ ಜಾನ್. 1902ರ ನವೆಂಬರ್, ಕಲ್ಕತ್ತ. ಆಗ ಮೈಕ್ ಎಂಬುದು ಇರಲಿಲ್ಲ. ದೊಡ್ಡ ಕಹಳೆಯಂಥ ಕೊಳವೆಯೊಳಗೆ ಮುಖ ತೂರಿಸಿದಂತೆ ನಿಂತು, ಗಟ್ಟಿ ದನಿಯಲ್ಲಿ ಹಾಡಬೇಕು. ಆ ದನಿಯ ಅದುರುವಿಕೆಯೇ ಸೂಜಿಯನ್ನು ಅಲುಗಿಸಿ ಮೇಣದ ಮೇಲೆ ಗೆರೆ ಕೊರೆಯುತ್ತಿತ್ತು. ಸಿಗುವುದು ಮೂರು ನಿಮಿಷ. ಗಂಟೆಗಟ್ಟಲೆ ರಾಗ ಬೆಳೆಸುವ ಗಾಯಕಿ, ಆಲಾಪ, ಸಾಹಿತ್ಯ, ತಾನ ಎಲ್ಲವನ್ನೂ ಆ ಮೂರು ನಿಮಿಷಕ್ಕೆ ಹೊಂದಿಸಿದಳು. ಹಾಡು ಮುಗಿದೊಡನೆ ಇಂಗ್ಲಿಷಿನಲ್ಲಿ ಕೂಗಿದಳು: "ಮೈ ನೇಮ್ ಈಸ್ ಗೌಹರ್ ಜಾನ್!" ಆ ಹಳೆಯ ತಟ್ಟೆಗಳಲ್ಲಿ ಈ ಕೂಗು ಇಂದಿಗೂ ಕೇಳಿಸುತ್ತದೆ.

ಏಕೆ ಕೂಗಿದಳು? ಹಲವರು ಅದನ್ನು ಗರ್ವ ಎಂದುಕೊಳ್ಳುತ್ತಾರೆ, ನಾನೂ ಹಾಗೆಯೇ ಎಂದುಕೊಂಡಿದ್ದೆ. ಕಾರಣ ಬೇರೆ. ಆ ಕಾಲದಲ್ಲಿ ತಟ್ಟೆಗಳು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರ್ ಪಟ್ಟಣದಲ್ಲಿ. ಅಲ್ಲಿಯ ಕೆಲಸಗಾರರಿಗೆ ಈ ಭಾಷೆಯೂ ತಿಳಿಯದು, ಈ ದನಿ ಯಾರದೆಂದೂ ತಿಳಿಯದು. ಯಾವ ತಟ್ಟೆಗೆ ಯಾರ ಹೆಸರಿನ ಚೀಟಿ ಅಂಟಿಸಬೇಕೆಂದು ಅವರಿಗೆ ಗೊತ್ತಾಗಲಿ ಎಂದು ಹಾಡಿದವರೇ ಕೊನೆಯಲ್ಲಿ ತಮ್ಮ ಹೆಸರು ಹೇಳಬೇಕಿತ್ತು.

ಈ ಚೀಟಿಗೆ ಮೂರನೆಯ ಪ್ರಶ್ನೆಯೂ ಇದೆ. ಆ ಗಾಯಕಿಯ ಕೊನೆಯ ದಿನಗಳು ಎಲ್ಲಿ ಕಳೆದವು? ನಮ್ಮ ಮೈಸೂರಿನಲ್ಲಿ. 1928ರಲ್ಲಿ ನಾಲ್ವಡಿಯವರು ಆಕೆಯನ್ನು ಆಸ್ಥಾನ ಗಾಯಕಿಯಾಗಿ ನೇಮಿಸಿಕೊಂಡರು. ಒಂದು ಕಾಲದಲ್ಲಿ ಕಲ್ಕತ್ತದ ಬೀದಿಗಳಲ್ಲಿ ನಾಲ್ಕು ಕುದುರೆಗಳ ಸಾರೋಟಿನಲ್ಲಿ ತಿರುಗಿದವಳೆಂದು ಹೇಳುತ್ತಾರೆ. ಅವಳು ಇಲ್ಲಿ ಎರಡು ವರ್ಷವೂ ಪೂರ್ತಿ ಬದುಕಲಿಲ್ಲ. 1930ರ ಜನವರಿಯಲ್ಲಿ ತೀರಿಕೊಂಡಳು. ಹೆಸರು ತಪ್ಪಿಹೋಗಬಾರದೆಂದು ಅಷ್ಟು ಗಟ್ಟಿಯಾಗಿ ಕೂಗಿ ಹೇಳಿದವಳು ಕಣ್ಣು ಮುಚ್ಚಿದ ಊರಿನಲ್ಲಿ, ನಮ್ಮ ಮಕ್ಕಳಲ್ಲಿ ಎಷ್ಟು ಜನಕ್ಕೆ ಆ ಹೆಸರು ಗೊತ್ತು? ನಾನು ಪ್ರತಿ ವರ್ಷ ಒಂದು ಶಾಲೆಯಲ್ಲಾದರೂ ಈ ಚೀಟಿ ಎತ್ತುತ್ತೇನೆ, ಮೊಬೈಲ್‌ನಲ್ಲಿ ಆ ಹಾಡು ಹಾಕಿ ಕೊನೆಯ ಕೂಗಿನವರೆಗೂ ಕೇಳಿಸುತ್ತೇನೆ.

ಮೈಕ್ ಇಲ್ಲದ ಕಾಲದ್ದೇ ಇನ್ನೊಂದು ಮಾತು. ತಿರುಮಕೂಡಲು ನರಸೀಪುರದ ಕಡೆಯವರಾದ ಪಿಟೀಲು ಚೌಡಯ್ಯನವರ ವಾದ್ಯಕ್ಕೆ ಏಳು ತಂತಿ. ಎಲ್ಲರ ಪಿಟೀಲಿಗೂ ನಾಲ್ಕೇ ತಂತಿ ಇರುವಾಗ ಇವರಿಗೆ ಏಳು ಏಕೆ ಬೇಕಾಯಿತು? ಕಛೇರಿಗೆ ಸಾವಿರಾರು ಜನ ಸೇರುತ್ತಿದ್ದರು, ಹಿಂದೆ ಕುಳಿತವರಿಗೆ ನಾದ ಮುಟ್ಟುತ್ತಿರಲಿಲ್ಲ. ಮೂರು ತಂತಿಗಳಿಗೆ ಜೋಡಿ ತಂತಿ ಸೇರಿಸಿ, ಒಂದೇ ಎಳೆತಕ್ಕೆ ಎರಡು ಸ್ಥಾಯಿಯ ನಾದ ಹೊರಡುವಂತೆ ಮಾಡಿಕೊಂಡರು. ಕೊನೆಯ ಸಾಲಿನವನಿಗಾಗಿ ವಾದ್ಯವನ್ನೇ ಬದಲಿಸಿದ ಆ ಪ್ರೀತಿ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

1905ರಲ್ಲಿ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಒಂದು ತಾಳೆಗರಿಯ ಕಟ್ಟು ಬಂದಿತು. ಅದು ಕೌಟಿಲ್ಯನ ಅರ್ಥಶಾಸ್ತ್ರ. ಅಲ್ಲಿಯವರೆಗೆ ವಿದ್ವಾಂಸರಿಗೆ ಹೆಸರಷ್ಟೇ ಗೊತ್ತಿದ್ದ ಗ್ರಂಥ. ಅದನ್ನು ತಂದುಕೊಟ್ಟವರು ತಂಜಾವೂರು ಕಡೆಯ ಒಬ್ಬ ಪಂಡಿತರು. ಮಗಧದ ರಾಜನೀತಿ ಬರೆದಿದ್ದುದು ತಮಿಳು ನಾಡಿನಲ್ಲಿ ಸಂಸ್ಕೃತಕ್ಕೆ ಬಳಸುವ ಗ್ರಂಥ ಲಿಪಿಯಲ್ಲಿ. ಅದು ಬೆಳಕು ಕಂಡದ್ದು ಮೈಸೂರಿನಲ್ಲಿ.

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ ಹುಟ್ಟಿತು ಎಂದು ಎಲ್ಲರೂ ಓದಿದ್ದೇವೆ. ಆ ವಿದ್ಯುತ್ ಮೊದಲು ಬೆಳಗಿದ್ದು ಎಲ್ಲಿ? ಮೈಸೂರಿನ ಅರಮನೆಯನ್ನೂ ಅಲ್ಲ, ಪಕ್ಕದ ಹಳ್ಳಿಗಳನ್ನೂ ಅಲ್ಲ. ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಅದು ಹೋಯಿತು. ಬೆಂಗಳೂರಿಗೆ 1905ರಲ್ಲಿ ಬಂದಿತು, ಮೈಸೂರಿಗೆ 1908ರಲ್ಲಿ. ಈ ಸಾಲನ್ನು ಮಳವಳ್ಳಿಯ ಮಕ್ಕಳಿಗೆ ಹೇಳಿದಾಗಲೆಲ್ಲ ಅವರು "ನಮ್ಮ ಊರಿಗೆ ಯಾವಾಗ ಬಂತು ಸಾರ್?" ಎಂದು ಕೇಳುತ್ತಾರೆ. ಮನೆಯಲ್ಲಿ ಅಜ್ಜ ಅಜ್ಜಿಯನ್ನು ಕೇಳಿಕೊಂಡು ಬನ್ನಿ ಎಂದು ಕಳಿಸುತ್ತೇನೆ.

ಶ್ರೀಗಂಧದ ಚೀಟಿಯಂತೂ ದೊಡ್ಡವರನ್ನೂ ಬೆಚ್ಚಿಬೀಳಿಸುತ್ತದೆ. ತನ್ನನ್ನು ತೇಯ್ದು ಪರರಿಗೆ ಪರಿಮಳ ಕೊಡುವ ಮರ ಎಂದು ನಾವು ಗಂಧವನ್ನು ಹೊಗಳುತ್ತೇವೆ. ಆದರೆ ಅದು ಬದುಕುವುದು ಹೇಗೆ? ನೆರೆಯ ಗಿಡಗಳ ಬೇರಿಗೆ ತನ್ನ ಬೇರನ್ನು ಅಂಟಿಸಿ, ಅಲ್ಲಿಂದ ನೀರನ್ನೂ ಲವಣವನ್ನೂ ಹೀರಿಕೊಂಡು. ಎಲೆ ಹಸಿರಾಗಿದೆ, ತನ್ನ ಅನ್ನವನ್ನು ಬಿಸಿಲಿನಲ್ಲಿ ತಾನೇ ಬೇಯಿಸಿಕೊಳ್ಳುತ್ತದೆ. ನೀರಿಗೆ ಮಾತ್ರ ಪಕ್ಕದ ಮನೆ. ಗಂಧ ನೆಟ್ಟ ರೈತರೊಬ್ಬರ ಹೊಲಕ್ಕೆ ಹೋಗಿದ್ದೆ. ಪ್ರತಿ ಸಸಿಯ ಬುಡದಲ್ಲೂ ಒಂದೊಂದು ತೊಗರಿ ಗಿಡ ಇತ್ತು. "ಒಂಟಿಯಾಗಿ ನೆಟ್ಟರೆ ಇದು ಏಳುವುದಿಲ್ಲ ಮೇಷ್ಟ್ರೇ, ಜೊತೆ ಬೇಕು" ಎಂದರು. ಎಲೆಗೂ ಹೊರಗಿನ ಬಿಳಿ ಮರಕ್ಕೂ ಪರಿಮಳವಿಲ್ಲ. ಅದು ಇರುವುದು ಒಳಗಿನ ಚೇಗಿನಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ಬೇರಿನಲ್ಲಿ. ಆದ್ದರಿಂದಲೇ ಗಂಧದ ಮರವನ್ನು ಕಡಿಯುವುದಿಲ್ಲ, ಬುಡಸಮೇತ ಕೀಳುತ್ತಾರೆ. ಪಕ್ಕದ ಗಿಡದ ಬೇರನ್ನು ಹಿಡಿದುಕೊಂಡ ಅದೇ ಬೇರಿನಲ್ಲಿ ಅಷ್ಟೊಂದು ಪರಿಮಳ ಕೂಡಿರುತ್ತದೆ!

ಕೊನೆಯದಾಗಿ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು. ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಅಲ್ಲಿ ಕಾಡಿನಲ್ಲಲ್ಲ, ಊರೊಳಗಿನ ಮರಗಳಲ್ಲಿ ಗೂಡು ಕಟ್ಟುತ್ತವೆ. ಕೆಳಗೆ ಹಸು ಕಟ್ಟಿರುತ್ತಾರೆ, ಮೇಲೆ ಮರಿಗಳ ಗಲಾಟೆ. ದೊಡ್ಡ ಹೆಜ್ಜಾರ್ಲೆ ಮೀನು ತಂದು ಗೂಡಿನ ಅಂಚಿಗೆ ಇಳಿದರೆ, ಮರಿ ತನ್ನ ತಲೆಯನ್ನೇ ತಾಯಿಯ ಕೊಕ್ಕಿನ ಚೀಲದೊಳಗೆ ಕತ್ತಿನವರೆಗೆ ತೂರಿಸಿ ತಿನ್ನುತ್ತದೆ. ಕೆಳಗೆ ನಿಂತು ನೋಡುವವರಿಗೆ ತಾಯಿ ಮರಿಯನ್ನು ನುಂಗಿತೇನೋ ಎಂದು ಎದೆ ಧಸಕ್ಕೆನ್ನುತ್ತದೆ.

ಇಷ್ಟನ್ನು ಎಲ್ಲರೂ ನೋಡಿ ಬರುತ್ತಾರೆ. ಈ ಬಾಣಂತನದ ಖರ್ಚು ಯಾರದು ಎಂಬುದು ನನ್ನ ಎರಡನೆಯ ಪ್ರಶ್ನೆಯಾಗಿತ್ತು. ಹಕ್ಕಿಗಳು ಗೂಡು ಕಟ್ಟುವ ಮರಗಳಲ್ಲಿ ಹುಣಸೆ ಬಹಳ. ಮರಿಗಳು ಗೂಡಿನಲ್ಲಿರುವ ತಿಂಗಳುಗಳಲ್ಲೇ ಹುಣಸೆ ಹಣ್ಣಾಗುತ್ತದೆ. ಹಣ್ಣು ಬಡಿದರೆ ಗೂಡು ಬೀಳುತ್ತದೆ. ಆದ್ದರಿಂದ ಊರವರು ಆ ಮರಗಳ ಹಣ್ಣನ್ನು ತಲೆಮಾರುಗಳಿಂದ ಬಿಟ್ಟುಕೊಡುತ್ತಾ ಬಂದರು. ಮರದ ಬುಡದಲ್ಲಿ ಬೀಳುವ ಹಿಕ್ಕೆಯನ್ನು ಕೆರೆಯ ಗೋಡಿನೊಂದಿಗೆ ಬೆರೆಸಿ ಹೊಲಕ್ಕೆ ಹಾಕಿಕೊಂಡರು. ಆಮೇಲೆ ಅರಣ್ಯ ಇಲಾಖೆ ಮರದ ಒಡೆಯರಿಗೆ ಪರಿಹಾರ ಕೊಡಲು ಆರಂಭಿಸಿತು, ಊರು ಸಮುದಾಯ ಮೀಸಲು ಪ್ರದೇಶವಾಯಿತು. ಆದರೆ ಹಣ್ಣು ಬಿಟ್ಟದ್ದು ಅದಕ್ಕೂ ಬಹಳ ಮೊದಲು.

ಅಲ್ಲಿ ಜಗಲಿಯ ಮೇಲೆ ಕುಳಿತಿದ್ದ ಅಜ್ಜಿಯೊಬ್ಬರನ್ನು ಮಾತಿಗೆ ಎಳೆದೆ. "ಅಜ್ಜಿ, ಇಷ್ಟು ಹುಣಸೆಹಣ್ಣು ಬಿಟ್ಟುಬಿಡುತ್ತೀರಲ್ಲ, ನಷ್ಟ ಅನ್ನಿಸುವುದಿಲ್ಲವೇ?" ಎಂದೆ.

"ಹೆಣ್ಣುಮಕ್ಕಳು ಬಾಣಂತನಕ್ಕೆ ತವರಿಗೆ ಬಂದರೆ ಲೆಕ್ಕ ಬರೆದಿಡುತ್ತೇವೆಯೇ ಮಗಾ?" ಎಂದರು. ಆಮೇಲೆ ನನ್ನ ಕಡೆ ತಿರುಗಿ ಅವರೇ ಒಂದು ಪ್ರಶ್ನೆ ಕೇಳಿದರು. "ನೀನು ಮಂಡ್ಯದವನು ಅಂದೆಯಲ್ಲ, ನಿಮ್ಮ ಬೀದಿಯಲ್ಲಿ ಮರಕ್ಕೆ ಏನು ಬರುತ್ತದೆ?"

ನಮ್ಮ ಬೀದಿಯಲ್ಲೂ ಒಂದು ಹುಣಸೆ ಮರ ಇತ್ತು, ರಸ್ತೆ ಅಗಲ ಮಾಡುವಾಗ ಹೋಯಿತು ಎಂದೆ. ಅಜ್ಜಿ ಮತ್ತೇನೂ ಕೇಳಲಿಲ್ಲ. ಒಳಗೆ ಹೋಗಿ, ಸೆರಗಿನ ತುದಿಯಲ್ಲಿ ಒಂದಿಷ್ಟು ಹುಣಸೆ ಬೀಜ ತಂದು ನನ್ನ ಅಂಗೈಗೆ ಸುರಿದರು. ಅವುಗಳಲ್ಲಿ ಮೂರು ಮೊಳೆತವು. ಎರಡನ್ನು ಶಾಲೆಯ ಅಂಗಳದಲ್ಲಿ ನೆಟ್ಟಿದ್ದೇವೆ, ಒಂದು ನಮ್ಮ ಮನೆಯ ಮುಂದಿದೆ. ಈಗ ನನ್ನ ಸೊಂಟದವರೆಗೆ ಬಂದಿದೆ.

ನಮಸ್ಕಾರ.