ಕುಂಟದವರ ಕುಂಟು

ಕೇಳುಗರಿಗೆ ನಮಸ್ಕಾರ.

ಸ್ವಲ್ಪ ದೂರ ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತದೆ. ಕೆಲವು ನಿಮಿಷ ನಿಂತರೆ ನೋವು ಇಳಿಯುತ್ತದೆ. ಮತ್ತೆ ಹೊರಟರೆ, ಹೆಚ್ಚುಕಡಿಮೆ ಅಷ್ಟೇ ದೂರಕ್ಕೆ ಮತ್ತೆ ಹಿಡಿಯುತ್ತದೆ. ವೈದ್ಯರು ಇದನ್ನು ‘ಇಂಟರ್‌ಮಿಟೆಂಟ್ ಕ್ಲಾಡಿಕೇಷನ್’ ಎನ್ನುತ್ತಾರೆ. ಬಿಟ್ಟು ಬಿಟ್ಟು ಬರುವ ಕುಂಟು ಎಂದರ್ಥ.

ಲ್ಯಾಟಿನ್ನಿನಲ್ಲಿ ‘ಕ್ಲಾಡಸ್’ ಅಂದರೆ ಕುಂಟ, ‘ಕ್ಲಾಡಿಕಾರೆ’ ಅಂದರೆ ಕುಂಟುವುದು. ಕುಂಟುನೆಪ ಹೇಳುವ ನಮ್ಮಂತೆ ರೋಮನ್ನರೂ ಆ ಮಾತನ್ನು ಕಾಲಿಗಷ್ಟೇ ಮೀಸಲಿಡಲಿಲ್ಲ. ಮುಪ್ಪಿನಲ್ಲಿ ತಡವರಿಸುವ ಬುದ್ಧಿಗೂ ಅದನ್ನೇ ಬಳಸಿದರು. ಅವರ ಚಕ್ರವರ್ತಿ ಕ್ಲಾಡಿಯಸ್ ಕುಂಟುತ್ತಿದ್ದನೆಂಬುದು ನಿಜ. ಆದರೆ ಆ ಹೆಸರು ಅವನ ಕಾಲು ನೋಡಿ ಇಟ್ಟದ್ದಲ್ಲ, ಅವನಿಗಿಂತ ಎಷ್ಟೋ ಹಳೆಯ ಮನೆತನದ್ದು.

ವೈದ್ಯಶಾಸ್ತ್ರಕ್ಕೆ ಈ ಪದ ಬಂದದ್ದು ಕುದುರೆಯ ದಾರಿಯಿಂದ. 1831ರಲ್ಲಿ ಫ್ರಾನ್ಸಿನ ಪಶುವೈದ್ಯ ಬೂಲೇ, ಓಡಿಸಿದಾಗ ಕುಂಟಿ, ನಿಲ್ಲಿಸಿದರೆ ಸರಿಹೋಗುವ ಕುದುರೆಯೊಂದರ ವಿಷಯ ಬರೆದ. ಕಾಲಿಗೆ ರಕ್ತ ಒಯ್ಯುವ ನಾಳಗಳು ಮುಚ್ಚಿಕೊಂಡಿದ್ದವು. 1858ರಲ್ಲಿ ಶಾರ್ಕೋ ಎಂಬ ಫ್ರೆಂಚ್ ವೈದ್ಯ ಅದೇ ತೊಂದರೆಯನ್ನು ಮನುಷ್ಯರಲ್ಲಿ ವಿವರಿಸಿದ. ಕುದುರೆಯ ಹೆಸರೇ ಮನುಷ್ಯನಿಗೂ ಅಂಟಿತು.

ಅಲ್ಲೇ ಇರುವುದು ತಮಾಷೆ. ಈ ರೋಗಿಗಳಲ್ಲಿ ಅನೇಕರು ಕುಂಟುವುದೇ ಇಲ್ಲ, ನಿಂತುಬಿಡುತ್ತಾರೆ! ಕುದುರೆಯ ಲಗಾಮು ಬೇರೆಯವರ ಕೈಯಲ್ಲಿ, ಅದು ಕುಂಟುತ್ತಲಾದರೂ ಓಡಬೇಕು. ಮನುಷ್ಯ ತನಗೆ ಬೇಕಾದಲ್ಲಿ ನಿಲ್ಲಬಲ್ಲ. ಜರ್ಮನ್ನರು ಇಟ್ಟ ಹೆಸರು ನನಗೆ ಹೆಚ್ಚು ಒಪ್ಪುತ್ತದೆ: ‘ಅಂಗಡಿ ಕಿಟಕಿಯ ರೋಗ’. ನೋವು ಬಂದಾಗ, ಗಾಜಿನ ಹಿಂದಿನ ಸಾಮಾನು ನೋಡುವವರಂತೆ ನಟಿಸುತ್ತ ನಿಲ್ಲುತ್ತಾರಲ್ಲ, ಅದಕ್ಕೆ.

ನಡೆಯುವ ಸ್ನಾಯು ಹೆಚ್ಚು ಆಮ್ಲಜನಕ ಕೇಳುತ್ತದೆ, ಕಿರಿದಾದ ನಾಳ ಅಷ್ಟನ್ನು ಒದಗಿಸಲಾರದು. ನೋವಿನ ಕಾರಣ ಇಷ್ಟೇ. ಧೂಮಪಾನ, ಮಧುಮೇಹ ಇದರ ಹಿಂದಿನ ದೊಡ್ಡ ಕಾರಣಗಳು. ಬೆನ್ನುಹುರಿಯ ಕಾಲುವೆ ಕಿರಿದಾದರೂ ನಡೆದಾಗ ಕಾಲು ನೋಯುವುದುಂಟು. ಆದರೆ ಅಂಥವರಿಗೆ ಸುಮ್ಮನೆ ನಿಂತರೆ ಸಾಲದು, ಮುಂದಕ್ಕೆ ಬಾಗಬೇಕು ಇಲ್ಲವೇ ಕೂರಬೇಕು. ಅದಕ್ಕೂ ಹೆಸರು ಕ್ಲಾಡಿಕೇಷನ್ನೇ.

ಈ ಪದ ಈಗ ದವಡೆಗೂ ಏರಿದೆ. ಅಗಿಯುತ್ತಿದ್ದಂತೆ ದವಡೆ ಸೋತು ನೋಯುವುದು ‘ಜಾ ಕ್ಲಾಡಿಕೇಷನ್’. ಐವತ್ತು ದಾಟಿದವರಲ್ಲಿ ಇದರ ಜೊತೆ ಹೊಸದಾಗಿ ತಲೆನೋವು ಶುರುವಾದರೆ ತಡಮಾಡದೆ ವೈದ್ಯರ ಬಳಿ ಹೋಗಬೇಕು. ಅದು ಅಪಧಮನಿಯ, ಅಂದರೆ ರಕ್ತ ಒಯ್ಯುವ ನಾಳದ, ಉರಿಯೂತವಾಗಿರಬಹುದು; ಹಾಗಿದ್ದರೆ ಕಣ್ಣಿನ ದೃಷ್ಟಿಯನ್ನೇ ಕಳೆಯಬಹುದು.