ಊಟಿಯ ಮಂಜು ಬರೆದ ವೆಂಕಟಪ್ಪ

ಕೇಳುಗರಿಗೆ ನಮಸ್ಕಾರ.

ಊಟಿಗೆ ಹೋಗಿ ಬಂದವರೆಲ್ಲ ಅಲ್ಲಿನ ಮಂಜಿನ ಮಾತಾಡುತ್ತಾರೆ, ಅಲ್ವಾ? ಆ ಮಂಜನ್ನು ಕಾಗದದ ಮೇಲೆ ಹಿಡಿದು ನಿಲ್ಲಿಸಿದವರು ನಮ್ಮ ಮೈಸೂರಿನ ಕೆ. ವೆಂಕಟಪ್ಪ.

ಹುಟ್ಟಿದ್ದು 1886ರಲ್ಲಿ, ಅರಮನೆಯ ಚಿತ್ರಗಾರರ ಮನೆತನದಲ್ಲಿ. 1909ರಲ್ಲಿ ಕಲ್ಕತ್ತೆಯ ಸರ್ಕಾರಿ ಕಲಾಶಾಲೆ ಸೇರಿದರು. ಅಲ್ಲಿ ಗುರು ಅವನೀಂದ್ರನಾಥ ಠಾಕೂರರು. ಜೊತೆಯಲ್ಲಿ ಕಲಿತವರಲ್ಲಿ ನಂದಲಾಲ್ ಬೋಸ್ ಒಬ್ಬರು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರ ಪುರಾಣಕಥೆಗಳ ಪುಸ್ತಕ 1913ರಲ್ಲಿ ಬಂದಾಗ, ಅದರ ರಾಮಾಯಣ ಭಾಗಕ್ಕೆ ಇವರು ಚಿತ್ರ ಬರೆದಿದ್ದರು. ಆಗಿನ್ನೂ ವಿದ್ಯಾರ್ಥಿ!

ಮೈಸೂರಿಗೆ ಮರಳಿದ ಮೇಲೆ ವೀಣೆ ಶೇಷಣ್ಣನವರ ಬಳಿ ವೀಣೆ ಕಲಿಯಲು ಕೂತರು. ಕುಂಚವನ್ನೇ ಮರೆಯುವಷ್ಟು ಹುಚ್ಚು ಅದು. ಆ ಹುಚ್ಚನ್ನೇ ಒಂದು ಚಿತ್ರವಾಗಿಯೂ ಬರೆದರು.

ಅವರು ದಂತದ ಮೇಲೆ ಬರೆದ ಪುಟ್ಟ ಭಾವಚಿತ್ರಗಳ ಬಗ್ಗೆ ಸ್ವಲ್ಪ ಹೇಳಲೇಬೇಕು. ತೆಳುವಾಗಿ ಸೀಳಿದ ದಂತದ ಬಿಲ್ಲೆ ಕಾಗದದ ಹಾಗೆ ಬಣ್ಣ ಹೀರುವುದಿಲ್ಲ. ಕುಂಚದಲ್ಲಿ ನೀರು ಜಾಸ್ತಿಯಾದರೆ ಮೊದಲು ಹಾಕಿದ ಬಣ್ಣವೂ ಎದ್ದು ಬರುತ್ತದೆ. ಹಾಗಾಗಿ ಚುಕ್ಕಿ ಪಕ್ಕ ಚುಕ್ಕಿ ಇಡುತ್ತಾ ಕೆನ್ನೆ, ರೆಪ್ಪೆ, ತುಟಿಯ ಅಂಚು ಮೂಡಿಸಬೇಕು. ಒಳಗಿನಿಂದ ದಂತದ ಹೊಳಪೇ ಮುಖಕ್ಕೆ ಜೀವ ಕೊಡುತ್ತದೆ.

ಇದೇ ತಾಳ್ಮೆ ಊಟಿ, ಕೊಡೈಕೆನಾಲ್‌ಗಳ ಜಲವರ್ಣ ಚಿತ್ರಗಳಲ್ಲೂ ಇದೆ. ಕಲ್ಕತ್ತೆಯಲ್ಲಿ ಕಲಿತದ್ದು ಬಣ್ಣವನ್ನು ಮತ್ತೆ ಮತ್ತೆ ತೊಳೆದು ಕನಸಿನ ಹಾಗೆ ಮಸುಕು ಮಾಡುವ ರೀತಿ. ಬೆಟ್ಟದ ಮುಂದೆ ಅದನ್ನು ಬಿಟ್ಟುಬಿಟ್ಟರು. ಕಣ್ಣಿಗೆ ಕಂಡದ್ದನ್ನೇ ನಂಬಿದರು: ಕೆರೆಯ ನೀರು, ಇಳಿಜಾರಿನ ಮರಗಳು, ಕವಿಯುವ ಮೋಡ, ಬೆಳುದಿಂಗಳು. ಗುರುವಿನ ದಾರಿಯಿಂದ ಹೀಗೆ ಹೊರಬಂದದ್ದೇ ಅವರ ದೊಡ್ಡ ಸಾಧನೆ ಅಂತ ನನಗನ್ನಿಸುತ್ತದೆ. ರಾಮಾಯಣದ ಚಿತ್ರಗಳಲ್ಲಿ ಕಲ್ಕತ್ತೆಯ ಛಾಯೆ ಇದೆ. ಊಟಿಯ ಚಿತ್ರಗಳು ಪೂರ್ತಿ ವೆಂಕಟಪ್ಪನವರವೇ.

ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಇವರ ಮೇಲೆ ಅಭಿಮಾನ. ಅರಮನೆಗಾಗಿ ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಉಬ್ಬುಚಿತ್ರಗಳನ್ನು ಮಾಡಿಸಿದರು. 1940ರಲ್ಲಿ ದೊರೆ ತೀರಿಕೊಂಡ ಮೇಲೆ ಆ ಆಸರೆ ತಪ್ಪಿತು. ವೆಂಕಟಪ್ಪ ಬೆಂಗಳೂರಿಗೆ ಬಂದರು. ಮದುವೆಯಾಗಲಿಲ್ಲ. ಕಲೆ, ವೀಣೆ, ಇಷ್ಟೇ ಅವರ ಸಂಸಾರ. 1965ರಲ್ಲಿ ತೀರಿಕೊಂಡರು.

ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ, ಸರ್ಕಾರಿ ವಸ್ತುಸಂಗ್ರಹಾಲಯದ ಪಕ್ಕ, ಅವರ ಹೆಸರಿನ ಚಿತ್ರಶಾಲೆ ಇದೆ. ಎಷ್ಟೋ ಜನ ಅದರ ಮುಂದೆಯೇ ದಿನಾ ಓಡಾಡುತ್ತೇವೆ. ಮನೆಯಲ್ಲಿ ಚಿತ್ರ ಬಿಡಿಸುವ ಮಕ್ಕಳಿದ್ದರೆ, ರವಿವರ್ಮನ ಹೆಸರಿನ ಜೊತೆಗೆ ವೆಂಕಟಪ್ಪನವರ ಹೆಸರನ್ನೂ ದಯವಿಟ್ಟು ಹೇಳಿಕೊಡಿ.

ನಮಸ್ಕಾರ.